‘ಏನೂ ಆಗಲ್ಲ’ ಅನ್ನೋರು ಲೆಕ್ಕ ಕೊಡಲಿ: ಕೈಗಾದ ಕೂಲರ್ ಕಲಿಸಿದ ಪಾಠ

2009ರ ನವೆಂಬರ್. ಉತ್ತರ ಕನ್ನಡದ ಕೈಗಾ ಅಣು ವಿದ್ಯುತ್ ಸ್ಥಾವರದ ಕಾರ್ಮಿಕರ ಮೂತ್ರ ಪರೀಕ್ಷೆಯಲ್ಲಿ ಟ್ರಿಟಿಯಂ ಪ್ರಮಾಣ ಮಾಮೂಲಿಗಿಂತ ಹೆಚ್ಚಿತ್ತು. ಎಲ್ಲಿಂದ ಬಂತು ಅಂತ ಹುಡುಕಿದರೆ ಸಿಕ್ಕಿದ್ದು ಕುಡಿಯುವ ನೀರಿನ ಕೂಲರ್! ಯಾರೋ ಬೇಕಂತಲೇ ಅದಕ್ಕೆ ಟ್ರಿಟಿಯಂ ಇದ್ದ ಭಾರಜಲ ಬೆರೆಸಿದ್ದಾರೆ ಎಂದು ಅಣುಶಕ್ತಿ ಆಯೋಗದ ಅಂದಿನ ಅಧ್ಯಕ್ಷ ಅನಿಲ್ ಕಾಕೋಡ್ಕರ್ ಹೇಳಿದರು. 50ಕ್ಕೂ ಹೆಚ್ಚು ಜನರ ದೇಹ ಸೇರಿತ್ತು ಅದು.

ಈಗ ಇದನ್ನು ನೆನಪಿಸಲು ಕಾರಣವಿದೆ. 2047ರೊಳಗೆ 100 ಗಿಗಾವ್ಯಾಟ್ ಅಣು ವಿದ್ಯುತ್, ಖಾಸಗಿಯವರಿಗೂ ಪಾಲು ಎಂದು 2025ರ ಕೇಂದ್ರ ಬಜೆಟ್ ಘೋಷಿಸಿತು. ಕೈಗಾದಲ್ಲೂ 5 ಮತ್ತು 6ನೇ ಘಟಕಗಳ ಯೋಜನೆಯಿದೆ. ನಮ್ಮ ಚರ್ಚೆ ಮಾತ್ರ ‘ಎಲ್ಲರೂ ಸಾಯ್ತೀವಿ’ ಮತ್ತು ‘ಏನೂ ಆಗಲ್ಲ ಬಿಡ್ರಿ’ ನಡುವೆಯೇ ಸಿಕ್ಕಿಕೊಂಡಿದೆ. ಎರಡೂ ತಪ್ಪು ಅನ್ನೋದು ನನ್ನ ವಾದ.

ವಿಕಿರಣ ಎಲ್ಲವೂ ಒಂದೇ ಅಲ್ಲ. ಮೊಬೈಲ್ ಟವರ್‌ನ ಅಲೆಗಳಿಗೆ ಪರಮಾಣುವಿನಿಂದ ಎಲೆಕ್ಟ್ರಾನ್ ಕಿತ್ತುಹಾಕುವಷ್ಟು ಶಕ್ತಿಯಿಲ್ಲ. ಆಲ್ಫಾ, ಬೀಟಾ, ಗಾಮಾಗಳಿಗೆ ಇದೆ. ಅವು ಜೀವಕೋಶದ ಡಿಎನ್‌ಎಯನ್ನೇ ತುಂಡರಿಸಬಲ್ಲವು. ಬಹುಪಾಲು ಹಾನಿಯನ್ನು ದೇಹವೇ ರಿಪೇರಿ ಮಾಡಿಕೊಳ್ಳುತ್ತದೆ. ರಿಪೇರಿ ತಪ್ಪಾದರೆ ವರ್ಷಗಳ ನಂತರ ಕ್ಯಾನ್ಸರ್ ಆಗಬಹುದು. ಒಮ್ಮೆಗೇ ಸುಮಾರು 1,000 ಮಿಲಿಸೀವರ್ಟ್ ತಗುಲಿದರೆ ವಾಂತಿ, ರಕ್ತಕಣಗಳ ಕುಸಿತ ಶುರುವಾಗುತ್ತದೆ.

ಗಾಮಾ ದೇಹವನ್ನು ತೂರಿ ಹೋಗುತ್ತದೆ, ತಡೆಯಲು ದಪ್ಪ ಸೀಸ ಅಥವಾ ಕಾಂಕ್ರೀಟ್ ಬೇಕು. ಆಲ್ಫಾ ಕಣವನ್ನು ಒಂದು ಹಾಳೆ ಕಾಗದ ತಡೆಯುತ್ತದೆ, ಆದರೆ ಉಸಿರಿನ ಜೊತೆ ಶ್ವಾಸಕೋಶ ಸೇರಿದರೆ ಅದೇ ಹೆಚ್ಚು ಅಪಾಯಕಾರಿ. ಟ್ರಿಟಿಯಂನ ಬೀಟಾ ಎಷ್ಟು ದುರ್ಬಲ ಅಂದ್ರೆ ಚರ್ಮವನ್ನೂ ದಾಟದು. ಕುಡಿದರೆ ಮಾತ್ರ ಮೈಯ ನೀರಿನಲ್ಲೇ ಬೆರೆತು ಎಲ್ಲ ಅಂಗಕ್ಕೂ ತಲುಪುತ್ತದೆ. ಅರ್ಧದಷ್ಟು ಹೊರಹೋಗಲು ಸುಮಾರು 10 ದಿನ ಬೇಕು. ಹೆಚ್ಚು ನೀರು ಕುಡಿಸಿ, ಮೂತ್ರದಲ್ಲಿ ಬೇಗ ಹೊರಹಾಕುವುದೇ ಚಿಕಿತ್ಸೆ.

ಹಾಗಾಗಿ ಕೇಳಬೇಕಾದ್ದು ‘ವಿಕಿರಣ ಇದೆಯಾ?’ ಅಂತಲ್ಲ. ಯಾವ ಬಗೆ, ದೇಹದ ಹೊರಗೋ ಒಳಗೋ, ಎಷ್ಟು? ಭಾರತದಲ್ಲಿ ವಿಕಿರಣದ ನಡುವೆ ಕೆಲಸ ಮಾಡುವವರಿಗೆ ಯಾವುದೇ ಒಂದು ವರ್ಷದ ಮಿತಿ 30 ಮಿಲಿಸೀವರ್ಟ್, ಜನಸಾಮಾನ್ಯರಿಗೆ 1. ವಿಕಿರಣಕ್ಕೆ ಬಣ್ಣ, ವಾಸನೆ ಇಲ್ಲ. ಕಾರ್ಮಿಕನಿಗೆ ತನ್ನ ದೇಹಕ್ಕೇನಾಯಿತು ಅಂತ ತಿಳಿಸೋದು ಈ ಸಂಖ್ಯೆಯೊಂದೇ. ಅದು ಯಾರ ಕೈಲಿದೆ ಅನ್ನೋದು ಅಪ್ಪಟ ರಾಜಕೀಯ ಪ್ರಶ್ನೆ.

ಈ ವಲಯದ ನಿಯಂತ್ರಕ ಎಇಆರ್‌ಬಿಗೆ ಸ್ವತಂತ್ರ ಕಾನೂನಿನ ಬಲವಿಲ್ಲ ಎಂದು 2012ರಲ್ಲೇ ಸಿಎಜಿ ಎಚ್ಚರಿಸಿತ್ತು. ಅದನ್ನು ಸರಿಪಡಿಸಬೇಕಿದ್ದ 2011ರ ಮಸೂದೆ 2014ರಲ್ಲಿ ಲೋಕಸಭೆಯ ಅವಧಿಯೊಂದಿಗೇ ಬಿದ್ದುಹೋಯಿತು.

ನಾನು ಅಣು ವಿದ್ಯುತ್ತೇ ಬೇಡ ಅನ್ನುತ್ತಿಲ್ಲ. ಗುತ್ತಿಗೆ ಕಾರ್ಮಿಕರೂ ಸೇರಿದಂತೆ ಪ್ರತಿಯೊಬ್ಬರ ಡೋಸ್ ದಾಖಲೆ ಅವರವರ ಕೈಗೆ ಸಿಗಬೇಕು. ಸ್ಥಾವರದ ಸುತ್ತಲಿನ ಗಾಳಿ, ನೀರಿನ ಅಳತೆಗಳು ಕನ್ನಡದಲ್ಲಿ, ಸ್ಥಳೀಯ ಪಂಚಾಯ್ತಿಯ ಗೋಡೆ ಮೇಲೆ ಕಾಣಬೇಕು. ಇಷ್ಟೂ ಮಾಡದೆ ‘ನಂಬಿ, ಏನೂ ಆಗಲ್ಲ’ ಅಂದರೆ ಕೈಗಾದ ಜನ ಯಾಕೆ ನಂಬಬೇಕು?