ಎಲೆಗಾಗಿ ಮುಚ್ಚಿದ ಕಿಟಕಿ



ಕಳೆದ ದೀಪಾವಳಿಗೆ ಅಮೆರಿಕದಿಂದ ಬಂದಿದ್ದ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ದಡ್ಡಿಯ ನಮ್ಮ ಮನೆಯ ಕಟ್ಟೆಯ ಮೇಲೆ ಕುಳಿತು ತನ್ನ ಮೊಬೈಲಿನಲ್ಲಿ ಕೆಲವು ಚಿತ್ರಗಳನ್ನು ತೋರಿಸಿದ. ವನಭೋಜನಕ್ಕೆ ತಂಪು ಪಾನೀಯ ಒಯ್ಯುವ ಪ್ಲಾಸ್ಟಿಕ್ಕಿನ ಐಸ್ ಪೆಟ್ಟಿಗೆಯೊಂದನ್ನು ಅವನು ಸಿಗಾರ್ ಇಡುವ ಭಂಡಾರವಾಗಿ ಮಾರ್ಪಡಿಸಿದ್ದ. "ಹೆಂಗೈತ್ರಿ ಗುರುಗಳೇ? ನೀವು ಕಲಿಸಿದ ವಿಜ್ಞಾನನ ಇದು" ಎಂದ. ಅಂದು ನಾನು ನಕ್ಕು ಸುಮ್ಮನಾದೆ. ಆ ಮೌನ ಸರಿಯಲ್ಲವೆಂದು ಆಮೇಲೆ ಅನ್ನಿಸಿತು. ಅವನಿಗೆ ಕೊಡಬೇಕಾಗಿದ್ದ ಉತ್ತರವನ್ನು ನಿಮ್ಮೆಲ್ಲರ ಮುಂದೆಯೇ ಬರೆಯುತ್ತಿದ್ದೇನೆ.

ಮೊದಲು ಅವನಿಗೆ ಸಲ್ಲಬೇಕಾದ ಅಂಕಗಳನ್ನು ಕೊಟ್ಟುಬಿಡುತ್ತೇನೆ. ಆ ಪೆಟ್ಟಿಗೆಯ ಎರಡು ಗೋಡೆಗಳ ನಡುವೆ ಶಾಖವನ್ನು ತಡೆಯುವ ನೊರೆಯಂಥ ಪ್ಲಾಸ್ಟಿಕ್ ತುಂಬಿರುತ್ತದೆ, ಮುಚ್ಚಳ ಬಿಗಿಯಾಗಿ ಕೂಡುತ್ತದೆ. ಮಂಜುಗಡ್ಡೆಯನ್ನು ಕರಗಗೊಡದ ಗೋಡೆ ಹೊರಗಿನ ಬಿಸಿಲು ಚಳಿಗಳನ್ನು ಒಳಗೆ ಬಿಡುವುದಿಲ್ಲ. ಬಿಗಿಯಾದ ಮುಚ್ಚಳ ಒಳಗಿನ ತೇವವನ್ನು ಹೊರಗೆ ಬಿಡುವುದಿಲ್ಲ. ಅವನು ಪೆಟ್ಟಿಗೆಯನ್ನು ತೊಳೆದು, ಪ್ಲಾಸ್ಟಿಕ್ಕಿನ ವಾಸನೆ ಹೋಗುವವರೆಗೆ ಗಾಳಿಗಿಟ್ಟು, ಒಳಗೆ ದೇವದಾರಿನಂತೆ ಕಂಪು ಬೀರುವ ಮರದ ತಟ್ಟೆಗಳನ್ನು ಜೋಡಿಸಿದ್ದಾನೆ. ಉಪ್ಪಿನ ದ್ರಾವಣ ತುಂಬಿದ ಸಣ್ಣ ಪೊಟ್ಟಣಗಳನ್ನೂ ಇಟ್ಟಿದ್ದಾನೆ. ತೇವ ಹೆಚ್ಚಾದರೆ ಅವು ಹೀರುತ್ತವೆ, ಕಡಿಮೆಯಾದರೆ ಬಿಡುತ್ತವೆ. ಒಳಗಿನ ಸಾಪೇಕ್ಷ ಆರ್ದ್ರತೆ ಶೇಕಡಾ 65ರಿಂದ 70ರ ನಡುವೆ ನಿಲ್ಲಬೇಕು. ಅದಕ್ಕಿಂತ ಬಹಳ ಇಳಿದರೆ ಹೊರಸುತ್ತಿನ ಎಲೆ ಬಿರಿಯುತ್ತದೆ. ಬಹಳ ಏರಿದರೆ ಬೂಷ್ಟು ಹಿಡಿಯುತ್ತದೆ. ಸೆಕೆ ಹೆಚ್ಚಿದರೆ ತಂಬಾಕಿನ ಹುಳು ಮೊಟ್ಟೆಯೊಡೆದು ಹೊರಬರುತ್ತದೆ. ಆರ್ದ್ರತಾಮಾಪಕವನ್ನು ಅವನು ಪರೀಕ್ಷಿಸಿದ ಬಗೆಯಂತೂ ನನಗೆ ಬಹಳ ಹಿಡಿಸಿತು. ಬಾಟಲಿಯ ಮುಚ್ಚಳದಲ್ಲಿ ಅಡಿಗೆಯ ಉಪ್ಪನ್ನು ಒಂದಿಷ್ಟೇ ತೇವ ಮಾಡಿ, ಮಾಪಕದೊಂದಿಗೆ ಗಾಳಿಯಾಡದ ಚೀಲದಲ್ಲಿ ಹಾಕಿ ಕಟ್ಟಿ ರಾತ್ರಿಯಿಡೀ ಇಟ್ಟರೆ, ಮಾಪಕ ಸರಿಯಿದ್ದಲ್ಲಿ 75 ಎಂದು ತೋರಿಸಬೇಕು. ಉಪ್ಪು ಸುಳ್ಳು ಹೇಳುವುದಿಲ್ಲ. ವಿಜ್ಞಾನದ ಪತ್ರಿಕೆಯಲ್ಲಿ ಅವನಿಗೆ ನೂರಕ್ಕೆ ನೂರು.

ಆದರೆ ಈ ತೇವದ ಶಾಸ್ತ್ರವನ್ನು ನಾನು ಕಲಿತದ್ದು ಪುಸ್ತಕದಿಂದಲ್ಲ. ನಮ್ಮ ಭಾಗದ ಬೀಡಿ ತಂಬಾಕು ಬಿಸಿಲಿಗೆ ಒಣಗುವ ಬೆಳೆ. ಒಣಗಿದ ಎಲೆಯನ್ನು ನಡುಹಗಲು ಮುಟ್ಟಿದರೆ ಪುಡಿಪುಡಿ. ಅದಕ್ಕೇ ಹಿರಿಯರು ನಸುಕಿನಲ್ಲಿ, ಇಬ್ಬನಿಗೆ ಎಲೆ ಮೆತ್ತಗಾದಾಗಲೇ ಹೊಲಕ್ಕೆ ಹೋಗುತ್ತಿದ್ದರು. ಮಾಪಕವಿರಲಿಲ್ಲ, ಬೆರಳಿತ್ತು.

ಆ ಎಲೆ ಸಂಕೇಶ್ವರದ ಹಾದಿ ಹಿಡಿದು ನಿಪ್ಪಾಣಿಯ ವಖಾರಿಗಳನ್ನು ಸೇರುತ್ತಿತ್ತು. ಅಂಥದೊಂದು ವಖಾರಿಯಲ್ಲಿ ನನ್ನ ಚಿಗವ್ವ ತಂಬಾಕು ಸೋಸುವ ಕೆಲಸ ಮಾಡುತ್ತಿದ್ದಳು. ಸೆರಗನ್ನು ಮೂಗು ಬಾಯಿಗೆ ಬಿಗಿದು ಬೆಳಗಿನಿಂದ ಸಂಜೆಯವರೆಗೆ ಜರಡಿ ಆಡಿಸುವುದು. ಸಂಜೆ ಅವಳು ಹತ್ತಿರ ಬಂದರೆ ನಾವು ಹುಡುಗರು ಸೀನುತ್ತಿದ್ದೆವು. ಎಷ್ಟು ತೊಳೆದರೂ ಅವಳ ಕೈತುತ್ತಿನಲ್ಲಿ ಕಹಿ ಉಳಿದಿರುತ್ತಿತ್ತು. "ಕಿಟಕಿ ತೆಗೀಬಾರದ ಚಿಗವ್ವಾ?" ಎಂದು ನಾನೊಮ್ಮೆ ಕೇಳಿದ್ದೆ. ಅವಳು ಹೇಳಿದ್ದು ಇಂದಿಗೂ ಕಿವಿಯಲ್ಲಿದೆ: "ಗಾಳಿ ಬಂದ್ರ ಎಲಿ ಒಣಗತೈತಿ, ಪುಡಿ ಹಾರತೈತಿ. ಮಾಲಕ ಬೈತಾನ ತಮ್ಮಾ."

ಎಲೆ ಒಣಗಬಾರದೆಂದು ಕಿಟಕಿ ಮುಚ್ಚಿತ್ತು. ನನ್ನ ತಕರಾರು ಇಷ್ಟೇ, ಇದರಾಚೆ ಏನೂ ಇಲ್ಲ. ಎಲೆಗೆ ಎಂಥ ಹವೆ ಬೇಕೆಂಬುದು ಮನುಷ್ಯನಿಗೆ ಯಾವಾಗಲೂ ಗೊತ್ತಿತ್ತು. ಎಲೆಯನ್ನು ಮುಟ್ಟುವವಳಿಗೆ ಎಂಥ ಹವೆ ಬೇಕೆಂದು ಯಾರೂ ಅಳೆಯಲಿಲ್ಲ. ಚಿಗವ್ವ ಐವತ್ತು ತುಂಬುವ ಮೊದಲೇ ಕೆಮ್ಮಿ ಕೆಮ್ಮಿ ತೀರಿಕೊಂಡಳು. ಅದು ಆ ಧೂಳಿನಿಂದಲೇ ಎಂದು ಯಾವ ವೈದ್ಯರೂ ಬರೆದುಕೊಡಲಿಲ್ಲ, ನಾನೂ ಪ್ರಮಾಣ ಮಾಡಿ ಹೇಳಲಾರೆ. ನನ್ನ ಹೈಸ್ಕೂಲಿನ ಫೀಸು ಅವಳ ಕೂಲಿಯಿಂದ ಹೋಗಿತ್ತೆಂಬುದನ್ನು ಮಾತ್ರ ಪ್ರಮಾಣ ಮಾಡಿ ಹೇಳಬಲ್ಲೆ. ಹೀಗಾಗಿ ನಾನು ತಂಬಾಕಿನ ಋಣದಿಂದ ಹೊರಗಿದ್ದು ಮಾತನಾಡುವವನಲ್ಲ.

ನನ್ನ ಶಿಷ್ಯನ ಸಮರ್ಥನೆಗಳನ್ನೂ ಕೇಳಿದ್ದೇನೆ. "ಇದು ಯಂತ್ರದ ಮಾಲಲ್ಲ, ಕುಶಲಕರ್ಮಿಗಳು ಕೈಯಾರೆ ಸುತ್ತಿದ್ದು" ಎನ್ನುತ್ತಾನೆ. ತಮ್ಮಾ, ಬೀಡಿಯನ್ನೂ ಕೈಯಿಂದಲೇ ಸುತ್ತುತ್ತಾರೆ. ಅದನ್ನು ಕಲೆಯೆಂದು ಯಾರೂ ಕೊಂಡಾಡಿದ್ದನ್ನು ನಾನು ಕೇಳಿಲ್ಲ. "ಹೊಗೆಯನ್ನು ಎದೆಗೆಳೆದುಕೊಳ್ಳುವುದಿಲ್ಲ" ಎನ್ನುತ್ತಾನೆ. ಬಾಯಿಯ, ಗಂಟಲಿನ ಕ್ಯಾನ್ಸರಿಗೆ ಹೊಗೆ ಎದೆಯವರೆಗೆ ಇಳಿಯಬೇಕಾಗಿಲ್ಲ. "ನಿಪ್ಪಾಣಿಯ ಎಲೆ ಬೀಡಿಗೆ ಹೋಗುತ್ತದೆ, ನನ್ನ ಸಿಗಾರಿನ ಎಲೆ ಕೆರಿಬಿಯನ್ ದ್ವೀಪದ್ದು" ಎನ್ನುತ್ತಾನೆ. ಮಾತು ನಿಜ. ಆದರೆ ದ್ವೀಪದಲ್ಲೂ ಆ ಎಲೆಯನ್ನು ಕೊಯ್ದದ್ದು ಯಾರದೋ ಕೈ. ಹಸಿ ತಂಬಾಕಿನ ಎಲೆ ಒದ್ದೆಯಾಗಿದ್ದಾಗ ಕೊಯ್ದರೆ ನಿಕೋಟಿನ್ ಚರ್ಮದ ಮೂಲಕವೇ ಮೈಗಿಳಿದು ತಲೆಸುತ್ತು, ವಾಂತಿ ಬರುತ್ತವೆ. ಅದಕ್ಕೆ ಎಲ್ಲ ದೇಶದ ಚರ್ಮವೂ ಒಂದೇ.

ಬೀಡಿ ಬೇರೆ, ಸಿಗಾರ್ ಬೇರೆ ಎಂದು ನಮ್ಮ ಸಂಸತ್ತೂ ಎಣಿಸಿರಲಿಲ್ಲ. 1966ರಲ್ಲಿ ಮಾಡಿದ ಕಾಯ್ದೆಯ ಹೆಸರೇ ಬೀಡಿ ಮತ್ತು ಸಿಗಾರ್ ಕಾರ್ಮಿಕರ ಕಾಯ್ದೆ. ಕೆಲಸದ ಜಾಗದಲ್ಲಿ ಗಾಳಿ ಬೆಳಕು ಇರಬೇಕು, ಧೂಳಿಗೆ ತಡೆ ಬೇಕು ಎಂಬ ಮಾತು ಅದರಲ್ಲಿತ್ತು. ಆ ಕಾಯ್ದೆಯನ್ನು 2020ರ ಕಾರ್ಮಿಕ ಸಂಹಿತೆಯೊಳಗೆ ಸೇರಿಸಲಾಗಿದೆ. ಆದರೆ ಕಾಗದದ ಮೇಲಿನ ಕಿಟಕಿಯಿಂದ ಗಾಳಿ ಬರುವುದಿಲ್ಲ. ನಿಪ್ಪಾಣಿಯ ತಂಬಾಕು ಹೆಣ್ಣುಮಕ್ಕಳು ತಾವೇ ಸಂಘ ಕಟ್ಟಿ ದನಿಯೆತ್ತಬೇಕಾಯಿತು. ಯುಗಾಂತರ್ ಎಂಬ ಚಿತ್ರತಂಡ 1982ರಲ್ಲಿ ಅವರ ಹೋರಾಟವನ್ನೇ ‘ತಂಬಾಖೂ ಚಾಕೀಲಾ ಊಬ್ ಆಲೀ’ ಎಂಬ ಚಿತ್ರವಾಗಿ ಮಾಡಿತು. ಅದಕ್ಕೂ ಒಂದು ವರ್ಷ ಮೊದಲು, 1981ರ ಏಪ್ರಿಲ್‌ನಲ್ಲಿ, ಎಲೆಗೆ ನ್ಯಾಯವಾದ ಬೆಲೆ ಕೇಳಿದ ರೈತರ ಮೇಲೆ ಅದೇ ನಿಪ್ಪಾಣಿಯಲ್ಲಿ ಗೋಲಿಬಾರ್ ಆಗಿ ಜೀವಗಳು ಹೋಗಿದ್ದವು. ಈ ಎಲೆಯ ಚರಿತ್ರೆ ಅಷ್ಟು ಮೃದುವಲ್ಲ.

ಹಾಗಾದರೆ ಪೆಟ್ಟಿಗೆಯನ್ನು ಹಳ್ಳಕ್ಕೆ ಎಸೆಯೆಂದು ಹೇಳುತ್ತೇನೆಯೇ? ಸಿಗಾರ್ ಬಿಡು ಎಂದು ಹೇಳುವುದು ನನ್ನ ಧರ್ಮ, ಹೇಳಿದ್ದೇನೆ. ಬಿಡುವುದು ಅವನಿಗೆ ಸೇರಿದ್ದು. ನಾನು ಒಪ್ಪದಿರುವುದು ಬೇರೆಯೇ ಒಂದನ್ನು. ಸತ್ತ ಎಲೆಯ ಸುಖಕ್ಕೆ ಇಷ್ಟು ಕಾಳಜಿ, ಇಷ್ಟು ಲೆಕ್ಕ, ಇಷ್ಟು ತಾಳ್ಮೆ ಮೀಸಲಿಟ್ಟವನು "ನೀವು ಕಲಿಸಿದ ವಿಜ್ಞಾನ" ಎಂದನಲ್ಲ, ಅದನ್ನು ಒಪ್ಪಲಾರೆ. ನಾನು ಕಲಿಸಿದ್ದು ಅಳತೆ ಮಾಡುವುದನ್ನು. ಯಾವುದನ್ನು ಮೊದಲು ಅಳೆಯಬೇಕು ಎಂಬುದನ್ನು ಕಲಿಸಲು ಮರೆತಿದ್ದರೆ ಆ ತಪ್ಪು ನನ್ನದು. ಈಗಲಾದರೂ ಆ ಪಾಠ ಮುಗಿಸೋಣ.

ತಮ್ಮಾ, ಹೋಗುವಾಗ ನೀನು ನನಗೆ ಕೊಟ್ಟ ಆರ್ದ್ರತಾಮಾಪಕ ನನ್ನ ಮೇಜಿನ ಮೇಲೇ ಇದೆ. ಉಪ್ಪಿನ ಪರೀಕ್ಷೆ ಮಾಡಿ ನೋಡಿದೆ, ಸರಿಯಾಗಿ 75 ತೋರಿಸಿತು. ಗಾಳಿಯಲ್ಲಿನ ಧೂಳನ್ನು ಅಳೆಯುವ ಸಣ್ಣ ಯಂತ್ರಗಳೂ ಇಂದು ಕೈಗೆಟಕುವ ಬೆಲೆಗೆ ಸಿಗುತ್ತವೆಯಂತೆ. ಮುಂದಿನ ಸಲ ಬರುವಾಗ ಒಂದು ತಾ. ಇಬ್ಬರೂ ನಿಪ್ಪಾಣಿಗೆ ಹೋಗೋಣ. ಯಾರಾದರೂ ಒಳಗೆ ಬಿಟ್ಟರೆ, ತಂಬಾಕು ಸೋಸುವ ಹೆಣ್ಣುಮಗಳೊಬ್ಬಳ ಪಕ್ಕದಲ್ಲಿ ಎರಡನ್ನೂ ಇಟ್ಟು ಒಂದು ತಾಸು ಕೂರೋಣ. ಬಂದ ಅಂಕಿಯನ್ನು ಅವಳಿಗೇ ಓದಿ ಹೇಳೋಣ. ಬಿಡದಿದ್ದರೆ, ಏಕೆ ಬಿಡಲಿಲ್ಲವೆಂದು ಇಲ್ಲಿಯೇ ಬರೆಯುತ್ತೇನೆ.

ನಿಮ್ಮ ಮಾಸ್ತರ
ದಡ್ಡಿ