ಬಣ್ಣ ಹಚ್ಚಿದ ತಪ್ಪಿಗೆ

ಪುಟ್ಟಣ್ಣ ಕಣಗಾಲರ ‘ರಂಗನಾಯಕಿ’ 1981ರಲ್ಲಿ ತೆರೆಗೆ ಬಂದ ಚಿತ್ರ. ಅದನ್ನು ನೋಡಿ ಸೆರಗಿನಲ್ಲಿ ಕಣ್ಣೊರೆಸಿಕೊಂಡವರು ನಮ್ಮಲ್ಲಿ ಎಷ್ಟೋ ಮಂದಿ. ಆರತಿ ಅಭಿನಯಿಸಿದ ನಾಯಕಿ ನಾಟಕ ಕಂಪನಿಯಲ್ಲೇ ಬೆಳೆದ ಹುಡುಗಿ. ಶ್ರೀಮಂತನೊಬ್ಬ ಮೆಚ್ಚಿ ಮದುವೆಯಾಗುತ್ತಾನೆ. ಆದರೆ ಅವಳು ಇನ್ನು ರಂಗ ಹತ್ತಕೂಡದು. ಕಷ್ಟಕ್ಕೆ ಸಿಕ್ಕ ಕಂಪನಿಗಾಗಿ ಅವಳು ಮತ್ತೆ ಬಣ್ಣ ಹಚ್ಚುತ್ತಾಳೆ. ಅಷ್ಟಕ್ಕೇ ಗಂಡ ಅವಳನ್ನು ತೊರೆಯುತ್ತಾನೆ, ಮಗುವೂ ಕೈತಪ್ಪುತ್ತದೆ. ಮುಂದೆ ಅವಳು ಸಿನಿಮಾ ತಾರೆಯಾಗಿ ಹೆಸರು ಮಾಡುತ್ತಾಳೆ, ಆದರೆ ಕಳೆದುಕೊಂಡದ್ದು ಮರಳುವುದಿಲ್ಲ.

ನಾವು ಇದನ್ನು ‘ಪಾಪ, ಅವಳ ಹಣೆಬರಹ’ ಎಂದುಕೊಂಡು ಅತ್ತೆವು. ಹಣೆಬರಹವೆಂದರೆ ಯಾರನ್ನೂ ಪ್ರಶ್ನಿಸಬೇಕಾಗಿಲ್ಲವಲ್ಲ! ಆ ಮನೆಯಲ್ಲಿ ನಡೆದದ್ದು ದೌರ್ಜನ್ಯ. ಮೈಮೇಲೆ ಬಾಸುಂಡೆ ಇಲ್ಲದ ಮಾತ್ರಕ್ಕೆ ಅದು ದೌರ್ಜನ್ಯವಲ್ಲವೆ?

ಕಲೆಯಲ್ಲಿ ತೊಡಗಿದ ಹೆಣ್ಣು ನಮ್ಮ ಸೀಮೆಗೆ ಹೊಸಬಳಲ್ಲ. ಶಾಂತಲೆಯ ಹೆಸರಿನಿಂದಲೇ ಶಾಂತಿಗ್ರಾಮ ಎಂಬ ಹೆಸರು ಬಂತೆಂದು ಇಲ್ಲಿನವರು ಹೆಮ್ಮೆಯಿಂದ ಹೇಳುತ್ತಾರೆ. ರಾಣಿಯ ನಾಟ್ಯವನ್ನು ಹೊಗಳುವ ಬಾಯಿಯೇ ಬಡವರ ಮಗಳು ವೇದಿಕೆ ಹತ್ತಿದರೆ ಬೇರೆ ಮಾತಾಡುತ್ತದೆ. 1934ರಲ್ಲಿ ಮೊದಲ ಕನ್ನಡ ವಾಕ್ಚಿತ್ರ ‘ಸತಿ ಸುಲೋಚನಾ’ದಲ್ಲಿ ತ್ರಿಪುರಾಂಬ ನಟಿಸಿದರು. 1943ರಲ್ಲಿ ನಟಿ ಎಂ. ವಿ. ರಾಜಮ್ಮ ‘ರಾಧಾರಮಣ’ ಚಿತ್ರದ ನಿರ್ಮಾಪಕಿಯೂ ಆದರು. ಇಂಥವರ ದುಡಿಮೆಯ ಮೇಲೆ ಕನ್ನಡ ಚಿತ್ರರಂಗ ನಿಂತಿದೆ.

ಗೆಳತಿಯರೇ, ನಟಿಯ ಕಥೆ ನಮಗೇಕೆ ಎನ್ನಬೇಡಿ. ಬಣ್ಣದ ಜಾಗದಲ್ಲಿ ಹೊಲಿಗೆ ಯಂತ್ರವನ್ನೋ ಅಂಗನವಾಡಿ ಕೆಲಸವನ್ನೋ ಗಾರ್ಮೆಂಟ್ಸ್ ನೌಕರಿಯನ್ನೋ ಇಟ್ಟು ನೋಡಿ. ‘ಮದುವೆಯಾದ ಮೇಲೆ ಕೆಲಸ ಬಿಡಬೇಕು’, ‘ಸಂಘದ ಸಭೆಗೆ ಹೋಗಕೂಡದು’ ಎಂಬ ಮಾತು ಕೇಳದ ಊರುಂಟೆ? ಮಾತುಕತೆಯ ದಿನ ಚಿನ್ನ, ಬೈಕು, ನಗದು ಎಲ್ಲವನ್ನೂ ಲೆಕ್ಕ ಹಾಕುತ್ತೇವೆ. ಹುಡುಗಿ ಬಿಟ್ಟುಕೊಡುವ ದುಡಿಮೆಯನ್ನು ಮಾತ್ರ ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. 1961ರ ವರದಕ್ಷಿಣೆ ನಿಷೇಧ ಕಾಯ್ದೆಯ ಪ್ರಕಾರ ಇದು ವರದಕ್ಷಿಣೆಯಲ್ಲ, ನಿಜ. ಆದರೆ ನಾಳೆ ಗಂಡ ಹೊರಗೆ ಹಾಕಿದಾಗ ಬರಿಗೈಲಿ ನಿಲ್ಲುವವಳು ಅವಳೇ.

ರಂಗನಾಯಕಿಯ ಕಾಲದಲ್ಲಿ ಇಲ್ಲದ ಒಂದು ಆಸರೆ ಇಂದು ನಮಗಿದೆ. 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆ 2006ರ ಅಕ್ಟೋಬರ್ 26ರಿಂದ ಜಾರಿಯಲ್ಲಿದೆ. ಹೊಡೆತವಷ್ಟೇ ಅಲ್ಲ, ಮಾತಿನ ಹಿಂಸೆ ಮತ್ತು ಆರ್ಥಿಕ ಹಿಂಸೆಯೂ ಇದರಡಿ ದೌರ್ಜನ್ಯವೇ. ದೂರಿನ ವಿವರ ತುಂಬುವ ನಮೂನೆಯಲ್ಲಿ, ಕೆಲಸಕ್ಕೆ ಹೋಗದಂತೆ ತಡೆಯುವುದು, ಸಂಬಳ ಕಿತ್ತುಕೊಳ್ಳುವುದು ಎಂದೇ ಬರೆದಿದೆ. ಗಂಡನ ಮನೆಯಲ್ಲಿ ವಾಸದ ಹಕ್ಕು, ಜೀವನಾಂಶ, ಮಕ್ಕಳ ತಾತ್ಕಾಲಿಕ ಸುಪರ್ದಿ ಇವನ್ನು ಮ್ಯಾಜಿಸ್ಟ್ರೇಟರ ಮುಂದೆ ಕೇಳಬಹುದು. ದೂರನ್ನು ಸಂರಕ್ಷಣಾಧಿಕಾರಿಗೆ ಕೊಡಬಹುದು. ಮಹಿಳಾ ಸಹಾಯವಾಣಿ 181.

ಆದರೆ ಕಾಯ್ದೆ ತಾನಾಗಿ ಮನೆ ಬಾಗಿಲಿಗೆ ಬಾರದು. ಮಗಳ ಮದುವೆಯ ಮಾತುಕತೆಗೆ ಕುಳಿತಾಗ ನಾವು ಹೆಂಗಸರು ಒಳಮನೆಯಲ್ಲೇ ಉಳಿಯದೆ ಚಾಪೆಯ ಮೇಲೆ ಕುಳಿತು ಕೇಳೋಣ: ‘ನಮ್ಮ ಹುಡುಗಿ ಕೆಲಸ ಬಿಡುವುದಿಲ್ಲ, ನಿಮಗೆ ಒಪ್ಪಿಗೆಯೆ?’ ಒಪ್ಪದವರು ಎದ್ದು ಹೋಗಲಿ. ಅವಳ ಬಾಳು ಹಾಳಾಗುವುದಕ್ಕಿಂತ ಆ ಸಂಬಂಧ ತಪ್ಪುವುದೇ ಮೇಲು.