ಗಂಟೆಗಳ ಲೆಕ್ಕವಷ್ಟೇ ಸಾಕೆ?

ಹೊಸ ಪೈಲಟ್‌ಗಳಿಗೆ ಎಷ್ಟು ಹಾರಾಟದ ಅನುಭವ ಬೇಕು? ನಮ್ಮ ದೇಶದಲ್ಲಿ ವಾಣಿಜ್ಯ ಪರವಾನಗಿಗೆ 200 ಗಂಟೆ ಸಾಕು. ಅಮೆರಿಕವು 2013ರಿಂದ ಸಹಪೈಲಟ್‌ಗೂ ಸಾಮಾನ್ಯವಾಗಿ 1,500 ಗಂಟೆ ಕೇಳುತ್ತದೆ. ನಮ್ಮಲ್ಲೂ ಹಾಗೆಯೇ ಆಗಲಿ ಎನ್ನುವವರಿದ್ದಾರೆ.

ಅವರು ಬೆಂಗಳೂರಿನ ಹಲಸೂರು, ಇಂದಿರಾನಗರ ದಾಟಿದರೆ ಸಿಗುವ ಹಳೆಯ ಎಚ್‌ಎಎಲ್ ವಿಮಾನ ನಿಲ್ದಾಣವನ್ನು ನೆನೆಯಬೇಕು. 1990ರ ಫೆಬ್ರವರಿ 14ರಂದು ಮುಂಬಯಿಯಿಂದ ಬಂದ ಇಂಡಿಯನ್ ಏರ್‌ಲೈನ್ಸ್‌ನ ಎ-320 ವಿಮಾನ, ರನ್‌ವೇ ಮುಟ್ಟುವ ಮೊದಲೇ ಪಕ್ಕದ ಗಾಲ್ಫ್ ಮೈದಾನಕ್ಕೆ ಬಿತ್ತು. 146 ಮಂದಿಯಲ್ಲಿ 92 ಮಂದಿ ಮಡಿದರು. ಪೈಲಟ್‌ಗಳಿಬ್ಬರೂ ಸಾವಿರಾರು ಗಂಟೆ ಹಾರಿಸಿದ ಹಿರಿಯರೇ. ಆದರೆ ಆಗಷ್ಟೇ ಬಂದಿದ್ದ ಎ-320ರಲ್ಲಿ ಒಬ್ಬರಿಗೆ ನೂರು ಗಂಟೆಯೂ ಆಗಿರಲಿಲ್ಲ. ಇಳಿಯುವಾಗ ಎಂಜಿನ್‌ಗಳ ಶಕ್ತಿ ತೀರಾ ತಗ್ಗಿ ವೇಗ ಕುಸಿಯುತ್ತಿದ್ದುದು ಅವರ ಗಮನಕ್ಕೆ ಬಂದಾಗ ತಡವಾಗಿತ್ತು.

158 ಜನರನ್ನು ಬಲಿ ತೆಗೆದುಕೊಂಡ 2010ರ ಬಜ್ಪೆ ದುರಂತವನ್ನು ಕರಾವಳಿಯವರಾದ ನಾವು ಮರೆಯುವುದುಂಟೆ? ಅಲ್ಲಿ ಕ್ಯಾಪ್ಟನ್‌ಗೆ 10,000 ಗಂಟೆ ಮಿಕ್ಕಿದ ಅನುಭವವಿತ್ತು. ಇಳಿಸುವುದು ಬೇಡ, ಮತ್ತೆ ಮೇಲೇರೋಣ ಎಂದವರು ಕಿರಿಯ ಸಹಪೈಲಟ್!

ಆದುದರಿಂದ ಬರೇ ಗಂಟೆ ಏರಿಸುವುದನ್ನು ನಾವು ಒಪ್ಪಲಾರೆವು. ಆ ಖರ್ಚು ಬೀಳುವುದು ಸಾಲ ಮಾಡಿ ಕಲಿಸುವ ತಂದೆತಾಯಿಯ ತಲೆಗೆ. ಹಾರಿಸಲಿರುವ ವಿಮಾನದಲ್ಲೇ ಎಷ್ಟು ಪಳಗಿದ್ದಾರೆ, ಕಿರಿಯರ ಎಚ್ಚರಿಕೆಗೆ ಹಿರಿಯರು ಕಿವಿಗೊಡುತ್ತಾರೆಯೇ ಎಂಬುದನ್ನು ಕಂಪೆನಿಗಳು ಮೊದಲು ಪರೀಕ್ಷಿಸಲಿ.